ಎಂಟು ನಿಮಿಷದ ರೋಗಿ

ಸುಳ್ಳು ಹೇಳುವುದಕ್ಕೆಂದೇ ಒಂದು ದೊಡ್ಡ ಆಸ್ಪತ್ರೆ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿತ್ತು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ. ಮೊದಲ ತಿಂಗಳು ನನಗೂ ನಂಬಿಕೆ ಬಂದಿರಲಿಲ್ಲ.

ತೆಲುಗು ಸೀಮೆಯ ಬಾಲಾನಗರದ ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೂತವನು ನಾನು. ವಿಮಾನದೊಳಗೆ ಹೋಗುವ ಸಣ್ಣ ಸಣ್ಣ ಭಾಗಗಳು ನನ್ನ ಮೇಜಿಗೆ ಬರುತ್ತಿದ್ದವು. ಡ್ರಾಯಿಂಗ್ ಮುಂದಿಟ್ಟುಕೊಂಡು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಂಪು ಚೀಟಿ ಹಚ್ಚಿ ಆಚೆ ಇಡುವುದು, ಇಷ್ಟೇ ಕೆಲಸ. ಡ್ರಾಯಿಂಗಿನಲ್ಲಿ ಇದ್ದದ್ದು ಉಂಟು, ಇಲ್ಲದ್ದು ಇಲ್ಲ. ನಿವೃತ್ತನಾದ ಮೇಲೆ ಅಳೆಯಲು ಏನೂ ಸಿಗದೆ, ಹೆಂಡತಿ ಬಡಿದ ಜೋಳದ ರೊಟ್ಟಿ ದುಂಡಗಿದೆಯೋ ಇಲ್ಲವೋ ಎಂದು ನೋಡತೊಡಗಿದೆ. ಹೊರಗೆ ಎಲ್ಲಾದರೂ ಒಂದು ಕೆಲಸ ಹುಡುಕಿಕೊಳ್ಳಿ, ಇಲ್ಲವೆಂದರೆ ನಾನೇ ಮನೆ ಬಿಟ್ಟು ಹೋಗುತ್ತೇನೆ ಎಂದು ಅವಳು ಹೇಳಿದಳು.

ಬೆಳಗಿನ ವಾಕಿಂಗಿನ ಗೆಳೆಯನೊಬ್ಬ ದಾರಿ ತೋರಿಸಿದ. ಊರಿನ ಆಚೆ ತುದಿಯಲ್ಲಿ ಒಂದು ಆಸ್ಪತ್ರೆ. ಜೊತೆಗೆ ಡಾಕ್ಟರಿಕೆ ಕಲಿಸುವ ಕಾಲೇಜು, ಸಂಶೋಧನಾ ಸಂಸ್ಥೆ. ಆ ವರ್ಷ ಅದು ಮಳೆಗಾಲದ ಹುಲ್ಲಿನ ಹಾಗೆ ಬೆಳೆಯುತ್ತಿತ್ತು. ಹೊಸ ಬ್ಲಾಕು, ಹೊಸ ಸೀಟು, ಹೊಸ ಪ್ರಯೋಗಾಲಯ. ಸೋಮವಾರ ಕಣ್ಣಿನ ವಿಭಾಗವಿದ್ದ ಜಾಗದಲ್ಲಿ ಗುರುವಾರ ಕ್ಯಾಂಟೀನ್ ಇರುತ್ತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕರು ಇಡ್ಲಿಯ ಸಾಲಿನಲ್ಲಿ ನಿಂತು ತಮ್ಮ ನಂಬರು ಕೂಗುವುದನ್ನು ಕಾಯುತ್ತಿದ್ದರು. ನಾನೇ ಎರಡು ಸಲ ದಾರಿ ತಪ್ಪಿ ಹೆರಿಗೆ ವಾರ್ಡಿಗೆ ಹೋಗಿ ನರ್ಸಿನ ಕೈಲಿ ಬೈಸಿಕೊಂಡು ಬಂದಿದ್ದೇನೆ.

ನನ್ನ ಕೆಲಸ ಹೊಸ ಬ್ಲಾಕಿನ ಮೂರನೇ ಮಹಡಿಯಲ್ಲಿ. ವಿದ್ಯಾರ್ಥಿಗಳು ನಿಜವಾದ ರೋಗಿಗಳ ಮೇಲೆ ಕೈಯಿಡುವ ಮುಂಚೆ ಪ್ಲಾಸ್ಟಿಕ್ ಗೊಂಬೆಗಳ ಮೇಲೆ, ಆಮೇಲೆ ನನ್ನಂಥ ಸುಳ್ಳು ರೋಗಿಗಳ ಮೇಲೆ ಅಭ್ಯಾಸ ಮಾಡಬೇಕು. ಅದನ್ನು ನೋಡಿಕೊಳ್ಳುವ ಡಾಕ್ಟರಮ್ಮ ಒಬ್ಬರಿದ್ದರು, ತೆಲುಗಿನವರು, ಮಾತು ಕಮ್ಮಿ. ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಅದರ ಪ್ರಕಾರ ನಾನು ಕಲಬುರಗಿ ಕಡೆಯಿಂದ ಬಂದ, ಗೋಡೆ ಕಟ್ಟುವ ಗೌಂಡಿ, ಐವತ್ತೈದು ವಯಸ್ಸು, ಎರಡು ತಿಂಗಳಿಂದ ಹೊಟ್ಟೆನೋವು, ಊಟ ತಪ್ಪಿದರೆ ಹೆಚ್ಚು. ಬೀಡಿ ಉಂಟು, ಕುಡಿತ ಇಲ್ಲ. ಎದೆನೋವಿಲ್ಲ, ದಮ್ಮಿಲ್ಲ. ನಾಡಿ ಸರಿ. ಒಬ್ಬೊಬ್ಬ ವಿದ್ಯಾರ್ಥಿಗೆ ಎಂಟು ನಿಮಿಷ, ಆಮೇಲೆ ಬೆಲ್ಲು. ಕೇಳಿದ್ದಕ್ಕಷ್ಟೇ ಉತ್ತರ, ಹಾಳೆಯಲ್ಲಿಲ್ಲದ್ದನ್ನು ಸೇರಿಸುವಂತಿಲ್ಲ. ಅಯ್ಯೋ, ಇದು ನನ್ನ ಕಾರ್ಖಾನೆಯ ಕೆಲಸವೇ ಅಲ್ಲವೇ ಎಂದು ನನಗೆ ಬಹಳ ಖುಷಿಯಾಯಿತು.

ಇನ್ನೊಂದು ನಿಯಮವಿತ್ತು. ಗಡಿಯಾಚೆಯಿಂದ ಬರುವ ಕೂಲಿಯವರಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಅಂಥವರನ್ನು ವಿದ್ಯಾರ್ಥಿಗಳು ಹೇಗಾದರೂ ಮಾತಾಡಿಸಿ ತಿಳಿದುಕೊಳ್ಳಬೇಕು. ಆದ್ದರಿಂದ ನನಗೆ ಕನ್ನಡ ಮಾತ್ರ ಬರುತ್ತದೆ. ತೆಲುಗು ಗೊತ್ತಿಲ್ಲ, ಹಿಂದಿ ಗೊತ್ತಿಲ್ಲ, ಕಾರಿಡಾರಿನಲ್ಲಿ ಸಿಕ್ಕರೂ ಗೊತ್ತಿಲ್ಲ. ನಲವತ್ತು ವರ್ಷ ಈ ಊರಲ್ಲಿದ್ದು ತೆಲುಗಿನಲ್ಲೇ ಜಗಳ ಆಡಿ ಗೆದ್ದವನಿಗೆ ಇದು ಎಷ್ಟು ಕಷ್ಟ ಎಂದು ನೀವೇ ಯೋಚಿಸಿ. ವಿದ್ಯಾರ್ಥಿಗಳಿಗೆ ಹತ್ತು ಕನ್ನಡ ವಾಕ್ಯಗಳ ಒಂದು ಚೀಟಿ ಹಂಚಿದ್ದರು. ಒಬ್ಬ ಹುಡುಗ ಬೆವರು ಒರೆಸಿಕೊಳ್ಳುತ್ತ, "ತಮ್ಮ ಉದರದಲ್ಲಿ ವೇದನೆಯುಂಟೇ?" ಎಂದು ಓದಿದ. ಉದರ ಎಂಬ ಮಾತನ್ನು ನಮ್ಮ ಕಡೆಯ ಗೌಂಡಿ ಪುರಾಣದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಾರ. ನಾನು ಬಾಯಿ ಬಿಟ್ಟುಕೊಂಡು ಅವನ ಮುಖ ನೋಡುತ್ತ ಕೂತೆ. ಹೊರಗೆ ಹೋಗಿ ಅವನು ತೆಲುಗಿನಲ್ಲಿ ನನಗೆ ಏನೇನು ಅಂದನೋ ಅದೆಲ್ಲ ನನಗೆ ಚೆನ್ನಾಗಿಯೇ ಅರ್ಥವಾಯಿತು.

ಗೌಂಡಿಯ ಪಾತ್ರವನ್ನು ಕಲಿತದ್ದು ಮಾತ್ರ ಅಸಲಿ ಗೌಂಡಿಯಿಂದ. ನಾಲ್ಕನೇ ಮಹಡಿಯ ಗೋಡೆ ಇನ್ನೂ ಏಳುತ್ತಿತ್ತು, ಅಲ್ಲಿ ಯಾದಗಿರಿ ಕಡೆಯವನೊಬ್ಬ ಗಿಲಾವು ಮಾಡುತ್ತಿದ್ದ. ಅವನು ಹೊಟ್ಟೆ ಒತ್ತಿಕೊಂಡು ಕೂರುವ ರೀತಿ, ನೋವು ಎಲ್ಲಿ ಎಂದರೆ ಬೆರಳು ತೋರಿಸದೆ ಇಡೀ ಅಂಗೈ ಸವರುವ ರೀತಿ, ಎಲ್ಲ ನೋಡಿಕೊಂಡೆ. ನಿನಗೆ ನಿಜಕ್ಕೂ ಹೊಟ್ಟೆನೋವಿದ್ದರೆ ಕೆಳಗಿಳಿದು ಡಾಕ್ಟರಿಗೆ ತೋರಿಸಬಾರದೇ ಎಂದರೆ, ಕೆಲಸ ಬಿಟ್ಟು ಹೋಗಲು ಪುರುಸೊತ್ತಿಲ್ಲ ಎಂದ. ಅವನ ನೋವನ್ನು ನಾನು ಅವನ ಕೆಳಗಿನ ಮಹಡಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದೆ. ಇದು ಸರಿಯೋ ತಪ್ಪೋ ನನಗೆ ಇವತ್ತಿಗೂ ತಿಳಿಯದು.

ಈಗ ಆ ಮೂರು ಮಹಡಿಗಳ ವಿಷಯ. ಲಿಫ್ಟು ಇನ್ನೂ ಕೂಡಿಸಿರಲಿಲ್ಲ, ಮೆಟ್ಟಿಲೇ ಗತಿ. ಮಳೆಗಾಲದಲ್ಲಿ ಸರಾಗವಾಗಿ ಹತ್ತುತ್ತಿದ್ದವನಿಗೆ ದಸರೆ ಕಳೆಯುವ ಹೊತ್ತಿಗೆ ಮೊದಲ ತಿರುವಿನಲ್ಲೇ ಉಸಿರು ಸಾಲದಾಯಿತು. ಎದೆಯೊಳಗೆ ಏನೋ ಒಂದು ತಾಳ ತಪ್ಪಿದ ಹಾಗೆ. ಎಲ್ಲ ದಿನವೂ ಅಲ್ಲ, ಕೆಲವು ದಿನ. ತಿರುವು ತಿರುವಿಗೂ ಸೂಚನಾ ಫಲಕಗಳಿದ್ದವು. ನಾನು ಅವುಗಳ ಮುಂದೆ ನಿಂತು ಓದುವವನ ಹಾಗೆ ನಟಿಸುತ್ತಿದ್ದೆ. ಕೈ ತೊಳೆಯುವ ಏಳು ಹಂತಗಳು, ಬೆಂಕಿ ಬಿದ್ದಾಗ ಏನು ಮಾಡಬೇಕು, ಎಲ್ಲ ಬಾಯಿಪಾಠವಾದವು. ಯಾರಿಗೂ ಹೇಳಲಿಲ್ಲ. ನನ್ನ ಅಣ್ಣನಿಗೆ ಹೀಗೇ ಇತ್ತು; ಒಂದು ದಿನ ಚಹಾ ಕಪ್ಪು ಕೈಯಲ್ಲಿರುವಾಗಲೇ ಲಕ್ವಾ ಹೊಡೆಯಿತು, ಮೂರು ವರ್ಷ ಹಾಸಿಗೆಯಲ್ಲಿ ಬಾಯಿ ಸೊಟ್ಟಾಗಿ ಮಲಗಿ ಹೋದ. ನನಗೆ ಹೆದರಿಕೆಯಾಗಿತ್ತು. ಅದೂ ಅಲ್ಲದೆ ಎದೆಯ ಕಾಯಿಲೆ ಇದ್ದವರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ಗೊತ್ತಿತ್ತು, ಮತ್ತೆ ಮನೆಯಲ್ಲಿ ಕೂತು ರೊಟ್ಟಿ ಅಳೆಯಬೇಕಲ್ಲ ಎಂಬ ಚಿಂತೆ.

ಆ ವರ್ಷದ ವಿದ್ಯಾರ್ಥಿಗಳ ತಂಡದಲ್ಲಿ ರಾಯಚೂರು ಕಡೆಯ ಹುಡುಗಿಯೊಬ್ಬಳಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಮೆಲುದನಿ. ಮೊದಲ ದಿನವೇ ನನ್ನ ಮಾತು ಕೇಳಿ ಕಣ್ಣರಳಿಸಿ, "ಕಾಕಾ, ನೀವು ಖರೇನ ನಮ್ಮ ಕಡ್ಯಾವ್ರೇನ್ರಿ?" ಎಂದಳು. ಅವಳಿಗೆ ಹಾಸ್ಟೆಲಿನ ಊಟ ಸೇರುತ್ತಿರಲಿಲ್ಲ. ವಿಷಯ ಹೆಂಡತಿಯ ಕಿವಿಗೆ ಬಿದ್ದದ್ದೇ ತಡ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ನನ್ನ ಚೀಲ ಸೇರತೊಡಗಿತು. ಅದನ್ನು ಕಾರಿಡಾರಿನಲ್ಲಿ ಕೊಡುವುದನ್ನು ನಾಲ್ಕು ಜನ ನೋಡಿದ್ದರು. ಅದರಿಂದ ಏನಾದೀತು ಎಂದು ನಾನು ಯೋಚಿಸಲೇ ಇಲ್ಲ.

ಜನವರಿಯ ಮೊದಲ ವಾರ ಪರೀಕ್ಷೆ. ನಾನು ಮಂಚದ ಮೇಲೆ, ಮೂಲೆಯ ಕುರ್ಚಿಯಲ್ಲಿ ಪರೀಕ್ಷಕ, ಅವರ ತೊಡೆಯ ಮೇಲೆ ಗುರುತು ಹಾಕುವ ಪಟ್ಟಿ. ಪರೀಕ್ಷಕರು ರೋಗಿಯನ್ನು ಮುಟ್ಟುವುದಿಲ್ಲ, ನೋಡುತ್ತಾರೆ ಅಷ್ಟೆ. ಅವತ್ತು ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಎರಡು ಸಲ ಬೆಂಕಿಯ ಫಲಕ ಓದಿ ಬಂದಿದ್ದೆ. ಮುಂಚೆ ಬಂದ ಹುಡುಗರು ನನ್ನ ಮಣಿಕಟ್ಟು ಹಿಡಿದ ಶಾಸ್ತ್ರ ಮಾಡಿ ನಾಡಿ ಸರಿ ಎಂದು ಒಪ್ಪಿಸಿ ಹೋದರು. ಇವನು ಗಟ್ಟಿಮುಟ್ಟಾದ ಸುಳ್ಳು ರೋಗಿ ಎಂಬುದು ಎಲ್ಲರಿಗೂ ಗೊತ್ತೇ ಇತ್ತಲ್ಲ.

ಈ ಹುಡುಗಿ ಬಂದಳು. ಹೊಟ್ಟೆಯ ಪ್ರಶ್ನೆಗಳು ಮುಗಿದವು. ಮಣಿಕಟ್ಟು ಹಿಡಿದವಳು ಬಿಡಲೇ ಇಲ್ಲ. ಗಡಿಯಾರ ನೋಡುತ್ತ ತುಟಿ ಅಲ್ಲಾಡಿಸಿ ಎಣಿಸಿದಳು, ಹುಬ್ಬು ಗಂಟಿಕ್ಕಿತು, ಮತ್ತೆ ಮೊದಲಿನಿಂದ ಎಣಿಸಿದಳು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು. ಆಮೇಲೆ ನನ್ನ ಮುಖಕ್ಕೆ ಮುಖ ತಂದು ಕೇಳಿದಳು:

"ಕಾಕಾ, ಪಾವಟಿಗಿ ಏರಿದ್ರ ದಮ್ಮ ಬರ್ತೈತೇನ್ರಿ?"

ಮೆಟ್ಟಿಲು ಹತ್ತಿದರೆ ಉಸಿರು ಸಾಲದಾಗುತ್ತದೆಯೇ ಎಂದು. ಹಾಳೆಯಲ್ಲಿ ದಮ್ಮಿಲ್ಲ ಎಂದಿದೆ. ನನಗೆ ದಮ್ಮಿದೆ. ಅವಳು ಯಾರನ್ನು ಕೇಳುತ್ತಿದ್ದಾಳೆ, ಗೌಂಡಿಯನ್ನೋ ನನ್ನನ್ನೋ? "ಇಲ್ಲ" ಎಂದೆ. ಆ ಇಲ್ಲ ಎಂಬುದನ್ನು ಹೇಳಿದ್ದು ಗೌಂಡಿಯೋ ನಾನೋ ಎಂದು ಆಮೇಲೆ ಎಷ್ಟೋ ದಿನ ಯೋಚಿಸಿದ್ದೇನೆ.

ಅವಳು ಪರೀಕ್ಷಕರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನಾಡಿ ಲಯ ತಪ್ಪಿದೆ ಎಂದು ಹೇಳಿದಳು. ಅವರು ಪಟ್ಟಿ ನೋಡಿಕೊಂಡು, ಖಚಿತವೇ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಹೌದು ಎಂದಳು. ಬೆಲ್ಲು ಹೊಡೆಯಿತು. ಬಾಗಿಲ ಬಳಿ ಒಮ್ಮೆ ಹಿಂತಿರುಗಿ ನನ್ನನ್ನು ನೋಡಿ ಹೋದಳು, ಪರೀಕ್ಷಕರು ಕೆಂಪು ಪೆನ್ನು ತೆಗೆದರು.

ಮರುದಿನ ಡಾಕ್ಟರಮ್ಮ ನನ್ನನ್ನು ಕೋಣೆಗೆ ಕರೆದರು. ಪಟ್ಟಿಯ ಕೆಳಗೆ ಪರೀಕ್ಷಕರು, ಈ ವಿದ್ಯಾರ್ಥಿನಿ ಇಲ್ಲದ ಲಕ್ಷಣವನ್ನು ಕಟ್ಟಿ ಹೇಳಿದ್ದಾಳೆ, ರೋಗಿಯ ಜೊತೆ ಅವರ ಭಾಷೆಯಲ್ಲಿ ಹೊರಗಿನ ಮಾತಾಡಿದ್ದಾಳೆ ಎಂದು ಷರಾ ಬರೆದಿದ್ದರು. ಇದ್ದದ್ದನ್ನು ಕಾಣದೆ ಹೋದರೆ ಕಲಿಸಬಹುದು, ಇಲ್ಲದ್ದನ್ನು ಕಂಡೆ ಎನ್ನುವವಳನ್ನು ಡಾಕ್ಟರ್ ಮಾಡುವುದು ಹೇಗೆ ಎಂದರು ಆಕೆ. ಸಂಕ್ರಾಂತಿ ಕಳೆದ ಮೇಲೆ ನಾಲ್ಕು ಜನ ಹಿರಿಯರ ಮುಂದೆ ವಿಚಾರಣೆ, ಅವಳ ಅಪ್ಪನನ್ನೂ ಊರಿಂದ ಕರೆಸುತ್ತಾರೆ. ರೊಟ್ಟಿಯ ಗಂಟಿನ ಸುದ್ದಿಯೂ ಆಕೆಗೆ ಮುಟ್ಟಿತ್ತು. ಕೊನೆಗೆ ನೇರವಾಗಿ ಕೇಳಿದರು: ನಿಮಗೆ ಎದೆಯ ತೊಂದರೆ ಏನಾದರೂ ಇದೆಯೇ?

ಇದೆ ಎನ್ನಲು ಎರಡಕ್ಷರ ಸಾಕಿತ್ತು. ನಾನು ಎದೆಯುಬ್ಬಿಸಿ, ಕಲ್ಲುಗುಂಡಿನ ಹಾಗಿದ್ದೇನೆ ಮೇಡಂ ಎಂದುಬಿಟ್ಟೆ.

ಮೂರು ಮಹಡಿ ಇಳಿದು ಬಂದು ಬಸ್ ಸ್ಟಾಪಿನಲ್ಲಿ ಕೂತೆ. ನನ್ನ ನಂಬರಿನ ಮೂರು ಬಸ್ಸು ಹೋದವು, ಹತ್ತಲಿಲ್ಲ. ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಗೆಳೆಯ ನೆನಪಾದ. ಒಂದು ಸಲ ಅವನು, ನಮ್ಮ ಅಳತೆಯ ಗೇಜು ಸವೆದಿದೆ, ಅದಕ್ಕೇ ಎಲ್ಲ ಅಳತೆಯೂ ಸರಿ ಬರುತ್ತಿದೆ ಎಂದಿದ್ದ. ಗೇಜು ಸರಿಯಿದೆ, ನಿನ್ನ ಕೈ ಸರಿಯಿಲ್ಲ ಎಂದು ಸಾಹೇಬರ ಮುಂದೆ ಅವನ ಮಾನ ಕಳೆದೆ. ಎರಡು ತಿಂಗಳ ಮೇಲೆ ಗೇಜನ್ನು ಪರೀಕ್ಷೆಗೆ ಕಳಿಸಿದಾಗ ನಿಜಕ್ಕೂ ಸವೆದಿತ್ತು. ಅಷ್ಟರಲ್ಲಿ ಅವನನ್ನು ಉಗ್ರಾಣಕ್ಕೆ ಹಾಕಿದ್ದರು. ಮೊದಲು ಹೇಳಿದವನು ಅವನೇ ಎಂದು ನಾನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಇಪ್ಪತ್ತು ವರ್ಷದ ಮೇಲೂ ಅದು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎರಡು ದಿನ ಒದ್ದಾಡಿದೆ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಸ್ಥಿತಿ. ಮೂರನೇ ದಿನ ಡಾಕ್ಟರಮ್ಮನ ಬಳಿ ಹೋಗಿ, ನಾನು ಹೇಳಿದ್ದು ಸುಳ್ಳು, ನನಗೆ ದಮ್ಮು ಬರುತ್ತದೆ, ಎದೆ ತಾಳ ತಪ್ಪುತ್ತದೆ, ಆ ಹುಡುಗಿ ಹೇಳಿದ್ದೇ ಸರಿ ಎಂದೆ. ಆಕೆ ನನ್ನನ್ನು ಕೆಳಗೆ ಕಳಿಸಿ ಇಸಿಜಿ ತೆಗೆಸಿದರು. ಪಟ್ಟಿ ಬಂತು. ಎಲ್ಲ ಸರಿಯಾಗಿತ್ತು. ನನ್ನ ದರಿದ್ರ ಎದೆ ಅವತ್ತೇ ಶಿಸ್ತಿನ ಸಿಪಾಯಿಯ ಹಾಗೆ ಬಡಿದುಕೊಂಡಿತ್ತು.

ಅವರು ಬೇಸರದಿಂದ, ಆದರೆ ಮೃದುವಾಗಿ ಹೇಳಿದರು: ನೀವು ಒಳ್ಳೆಯವರು, ಊರಿನ ಹುಡುಗಿ ಎಂದು ಮರುಗುತ್ತೀರಿ, ನನಗೆ ಅರ್ಥವಾಗುತ್ತದೆ, ಆದರೆ ನಟನೆ ಆ ಕೋಣೆಯೊಳಗಷ್ಟೇ ಇರಲಿ. ವಿಚಾರಣೆ ಮುಗಿಯುವ ತನಕ ಬರಬೇಡಿ ಎಂದೂ ಸೇರಿಸಿದರು.

ನೋಡಿ ನನ್ನ ಗತಿ. ಸುಳ್ಳು ಹೇಳಿದಾಗಲೆಲ್ಲ ಹೊಗಳಿದರು, ಬಾಯಿಬಿಟ್ಟು ಒಂದು ನಿಜ ಹೇಳಿದರೆ ಹೊರಗೆ ಹಾಕಿದರು. ಅದಕ್ಕಿಂತ ಕೆಟ್ಟದ್ದೆಂದರೆ, ಮೆಟ್ಟಿಲಿಳಿಯುವಾಗ ನನಗೇ ಅನುಮಾನ ಹುಟ್ಟಿತು. ಆರು ತಿಂಗಳಿಂದ ಇಲ್ಲದ ನೋವನ್ನು ಇದೆ ಎಂದು ಹೇಳಿ ಹೇಳಿ ಎದೆಯ ದಮ್ಮನ್ನೂ ನಾನೇ ಕಟ್ಟಿಕೊಂಡೆನೋ ಏನೋ. ಹೊಟ್ಟೆ ಮುಟ್ಟಿ ನೋಡಿಕೊಂಡೆ. ಅಲ್ಲೂ ಸ್ವಲ್ಪ ನೋವಿದ್ದ ಹಾಗೆ ಕಂಡಿತು. ಯಾವುದು ಖರೆ ಯಾವುದು ಖೋಟಾ ಎಂದು ತಿಳಿಯದೆ ತಲೆ ಕೆಟ್ಟು ಹೋಯಿತು.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಅವಳು ಕಾಯಿಪಲ್ಯ ಹೆಚ್ಚುತ್ತಿದ್ದಳು, ಚಾಕು ಕೆಳಗಿಟ್ಟಳು. ನಗುತ್ತಾಳೆ ಎಂದುಕೊಂಡಿದ್ದೆ. ಅವಳ ಕಣ್ಣು ತುಂಬಿತ್ತು.

"ಸುಳ್ಳ ನೋವು ಊರಿಗೆಲ್ಲ ಹೇಳ್ಕೋತ ಅಡ್ಡಾಡ್ತೀರಿ. ಖರೇ ನೋವು ಮನ್ಯಾಗ ಒಬ್ಬಾಕಿ ಮುಂದ ಹೇಳಾಕ ಬಾಯಿ ಬರಂಗಿಲ್ಲೇನ್ರಿ ನಿಮಗ?"

ಅವಳಿಗೆ ದಸರೆಯಿಂದಲೇ ಗೊತ್ತಿತ್ತಂತೆ. ಎರಡನೇ ಮಹಡಿಯ ನಮ್ಮ ಮನೆಗೆ ಹತ್ತುವಾಗ ನಾನು ಮೊದಲ ಮಹಡಿಯವರ ಬಾಗಿಲ ಮುಂದಿನ ತುಳಸಿಯನ್ನು ದಿನಾ ನಿಂತು ನೋಡುತ್ತಿದ್ದೆನಂತೆ. ಇವರಿಗೆ ಯಾವಾಗಿನಿಂದ ಇಷ್ಟು ಭಕ್ತಿ ಬಂತು ಎಂದು ಮೊದಲು ಸೋಜಿಗಪಟ್ಟಳಂತೆ, ಆಮೇಲೆ ತಿಳಿಯಿತಂತೆ. ಕೇಳಿದರೆ ಸಿಟ್ಟಾಗುತ್ತೀರಿ ಎಂದು ಸುಮ್ಮನಿದ್ದೆ ಎಂದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ; ನನ್ನ ಹುಣ್ಣಿಗೆ ಕನ್ನಡಿ ಮನೆಯಲ್ಲೇ ಇತ್ತು, ನಾನೇ ನೋಡಿರಲಿಲ್ಲ.

ಮರುದಿನ ಅವಳು ನನ್ನನ್ನು ಅದೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು, ಈ ಸಲ ಮುಂಬಾಗಿಲಿನಿಂದ. ಚೀಟಿ ಮಾಡಿಸಿ, ಎಲ್ಲರ ಹಾಗೆ ಸಾಲಿನಲ್ಲಿ ನಿಂತೆವು. ಹೃದಯದ ಡಾಕ್ಟರ್ ನನ್ನ ಇಸಿಜಿ ನೋಡಿ, ಇದರಲ್ಲೇನೂ ಇಲ್ಲವಲ್ಲ ಎಂದರು. ಹೆಂಡತಿ ತನ್ನ ಅರ್ಧ ಹಿಂದಿ ಅರ್ಧ ತೆಲುಗಿನಲ್ಲಿ ತುಳಸಿ ಗಿಡದ ಕಥೆಯನ್ನು ಪೂರ್ತಿ ಹೇಳಿದಳು. ಅವರು ನಗಲಿಲ್ಲ. ಬಂದು ಹೋಗುವ ತೊಂದರೆ ಇದ್ದರೆ ಅರೆನಿಮಿಷದ ಪಟ್ಟಿಯಲ್ಲಿ ಸಿಗುವುದಿಲ್ಲ ಎಂದು, ನನ್ನ ಎದೆಗೆ ತಂತಿಗಳನ್ನು ಅಂಟಿಸಿ ಸೊಂಟಕ್ಕೊಂದು ಸಣ್ಣ ಡಬ್ಬಿ ಕಟ್ಟಿಸಿದರು. ಇಡೀ ಒಂದು ದಿನದ ಬಡಿತವನ್ನು ಅದು ಬರೆದುಕೊಳ್ಳುತ್ತದೆ. ಎಂದಿನ ಹಾಗೆ ಓಡಾಡಿ, ಎಷ್ಟು ಗಂಟೆಗೆ ಏನು ಮಾಡಿದಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ ಎಂದರು. ಮತ್ತೊಂದು ಹಾಳೆ. ಈ ಸಲ ಬರೆಯುವವನು ನಾನೇ.

ಸಂಕ್ರಾಂತಿಗೆ ಮೂರು ದಿನ ಉಳಿದಿತ್ತು. ಮನೆಯಲ್ಲಿ ಕೂತರೆ ಎದೆಗೇನು ಕೆಲಸ ಎಂದು ಹೆಂಡತಿ ನನ್ನನ್ನು ನಾಂಪಲ್ಲಿಯ ನುಮಾಯಿಷಿಗೆ ಹೊರಡಿಸಿದಳು. ಪ್ರತಿ ವರ್ಷ ಜನವರಿಯಲ್ಲಿ ಆ ಮೈದಾನದಲ್ಲಿ ನಡೆಯುವ ಪ್ರದರ್ಶನಕ್ಕೆ ಹೋಗದಿದ್ದರೆ ನಮ್ಮ ಮನೆಯಲ್ಲಿ ಹೊಸ ವರ್ಷ ಶುರುವಾಗುವುದಿಲ್ಲ. ಅಂಗಿಯೊಳಗೆ ತಂತಿ, ಸೊಂಟದಲ್ಲಿ ಡಬ್ಬಿ. ಬಾಗಿಲಲ್ಲಿ ತಪಾಸಣೆಯವನು ಡಬ್ಬಿ ಮುಟ್ಟಿ ಗಾಬರಿಯಾದ. ಚೀಟಿ ತೋರಿಸಿ ಒಳಗೆ ಹೋಗುವಷ್ಟರಲ್ಲಿ ಅರ್ಧ ಗಂಟೆ. ಕಾಶ್ಮೀರದ ಶಾಲು, ಲಖನೌದ ಕುರ್ತಾ, ಅವಳು ಒಂದನ್ನೂ ಬಿಡಲಿಲ್ಲ, ಕೊಳ್ಳಲೂ ಇಲ್ಲ. ನಾನು ಹಿಂದೆ ಹಿಂದೆ ನಡೆಯುತ್ತ ಬರೆದುಕೊಂಡೆ: ನಾಲ್ಕು ಹತ್ತು, ಶಾಲಿನ ಅಂಗಡಿ. ನಾಲ್ಕು ಮೂವತ್ತು, ಇನ್ನೊಂದು ಶಾಲಿನ ಅಂಗಡಿ. ಐದು ಐದು, ಹೆಂಡತಿಯ ಜೊತೆ ಸಣ್ಣ ವಾದ. ಐದು ನಲವತ್ತು, ಮಿರ್ಚಿ ಭಜಿ.

ಭಜಿ ಕೈಯಲ್ಲಿರುವಾಗಲೇ ಬಂತು. ಎದೆಯೊಳಗೆ ಗುಬ್ಬಿ ಸಿಕ್ಕಿಹಾಕಿಕೊಂಡ ಹಾಗೆ ಫಡಫಡ. ಕಣ್ಣಿಗೆ ಕತ್ತಲೆ ಬಂದು ಅಲ್ಲೇ ಕಟ್ಟೆಯ ಮೇಲೆ ಕೂತೆ. ಜೀವ ಹೋಗುವ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಸಂತೋಷ. ಹೆಂಡತಿ ನನ್ನ ಬೆನ್ನು ಸವರುತ್ತ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಹಾಳೆಯಲ್ಲಿ ತಾನೇ ಬರೆದಳು.

ಡಬ್ಬಿಯಿಂದ ತೆಗೆದ ಕಾಗದದಲ್ಲಿ ಐದು ನಲವತ್ತಕ್ಕೆ ಎದೆಬಡಿತ ಚೆಲ್ಲಾಪಿಲ್ಲಿ. ಒಂದು ಗೆರೆಗೂ ಇನ್ನೊಂದು ಗೆರೆಗೂ ಸಂಬಂಧವಿಲ್ಲ. ಮೂವತ್ತನಾಲ್ಕು ವರ್ಷ ಅಳತೆ ಮಾಡಿದವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹೃದಯದ ಡಾಕ್ಟರ್ ಸ್ಪಷ್ಟವಾಗಿ ಹೇಳಿದರು. ಹೃದಯದ ಮೇಲಿನ ಕೋಣೆ ಲಯ ತಪ್ಪಿ ನಡುಗಿದಾಗ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವಾ. ಇದನ್ನು ಮೊದಲು ಕಂಡುಹಿಡಿದದ್ದು ಯಾರು ಎಂದು ಕೇಳಿದರು. ನಾನು ಹೇಳಿದೆ. ಅವರು ಫೋನೆತ್ತಿ ಮೂರನೇ ಮಹಡಿಯ ಡಾಕ್ಟರಮ್ಮನಿಗೆ ಮಾಡಿದರು. ನನ್ನ ಅಣ್ಣನ ಮುಖ ಕಣ್ಣಮುಂದೆ ಬಂತು, ಅಲ್ಲಿಯೇ ಅತ್ತುಬಿಟ್ಟೆ.

ಮಾತ್ರೆ ಹೊಂದಿಸಲು ನಾಲ್ಕು ದಿನ ವಾರ್ಡಿನಲ್ಲಿ ಇಟ್ಟುಕೊಂಡರು. ಸುಳ್ಳು ರೋಗಿಗೆ ಖರೆ ಮಂಚ, ಖರೆ ನಂಬರು. ಎರಡನೇ ದಿನ ಬೆಳಿಗ್ಗೆ ಆ ಹುಡುಗಿ ಒಬ್ಬಳೇ ಬಂದು ಮಂಚದ ಪಕ್ಕ ನಿಂತಳು. ಷರಾ ಹೊಡೆದು ಹಾಕಿದರು, ಅಪ್ಪನನ್ನು ಕರೆಸುವುದಿಲ್ಲ ಎಂದು ಹೇಳಿದಳು. ಆದರೆ ತನ್ನ ಜೊತೆಯವರು ಇನ್ನೂ ಹಿಂದಿನಿಂದ ಏನೋ ಅನ್ನುತ್ತಾರಂತೆ, ಕಾಕಾ ರೊಟ್ಟಿ ಕೊಟ್ಟು ಉಳಿಸಿದ ಎಂದು. ಹೇಳುವಾಗ ನಕ್ಕಳು, ನಗು ಅರ್ಧಕ್ಕೇ ನಿಂತಿತು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ನರ್ಸು ಬಂದು ಅವಳನ್ನು ಹೊರಗೆ ಕಳಿಸಿದಳು.

ಮೂರನೇ ದಿನ ಡಾಕ್ಟರಮ್ಮ ಇಡೀ ತಂಡವನ್ನು ಕರೆದುಕೊಂಡು ಬಂದರು. ಉದರ ವೇದನೆಯ ಹುಡುಗನೂ ಇದ್ದ. ಮಂಚದ ಸುತ್ತ ಬಿಳಿ ಕೋಟುಗಳು. ಈ ರೋಗಿಯನ್ನು ನೀವೇ ವಿಚಾರಿಸಿ, ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋಗಿ ಎಂದು ಆಕೆ ರಾಯಚೂರಿನ ಹುಡುಗಿಯನ್ನು ಮುಂದೆ ಮಾಡಿದರು. ಅಭ್ಯಾಸಬಲದಿಂದ ನನ್ನ ಕಣ್ಣು ಹಾಳೆ ಹುಡುಕಿತು. ಹಾಳೆ ಇರಲಿಲ್ಲ. ಹೆಂಡತಿ ಮೋಸಂಬಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಹುಡುಗಿ ಮಣಿಕಟ್ಟು ಹಿಡಿದು, ಮೊದಲ ಸಲ ಕೇಳುವವಳ ಹಾಗೆ ಕೇಳಿದಳು. "ಕಾಕಾ, ಪಾವಟಿಗಿ ಏರಿದ್ರ ದಮ್ಮ ಬರ್ತೈತೇನ್ರಿ?"

"ಬರ್ತೈತಿ ಯವ್ವಾ. ದಸರಾದಿಂದ ಬರಾಕತ್ತೈತಿ. ನೀ ಕೇಳಿದಾಗೂ ಬರ್ತಿತ್ತು. ನಾ ಸುಳ್ಳ ಹೇಳಿದ್ನಿ."

ಅವಳು ಗೆಳೆಯರ ಕಡೆ ತಿರುಗಿದಳು. ಮೆಟ್ಟಿಲು ಹತ್ತಿದರೆ ದಮ್ಮು, ಮೂರು ನಾಲ್ಕು ತಿಂಗಳಿಂದ, ಬಂದು ಹೋಗುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಲ್ಲಿಗೆ ನಿಲ್ಲಿಸಿದಳು. ಕಡೆಯ ಮಾತನ್ನು ಹೇಳಲೇ ಇಲ್ಲ. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ತನ್ನ ಹೆಸರು ಕೆಟ್ಟರೂ ಚಿಂತೆಯಿಲ್ಲ, ಈ ಮುದುಕನ ಮರ್ಯಾದೆ ಉಳಿಯಲಿ ಎಂದು ಆ ಮಗು ನನ್ನ ಸುಳ್ಳನ್ನು ಮುಚ್ಚುತ್ತಿತ್ತು. ಉಗ್ರಾಣಕ್ಕೆ ಹೋದ ಗೆಳೆಯನೂ ಹೀಗೇ, ಒಂದು ಮಾತಾಡದೆ ಹೋಗಿದ್ದ. ಮತ್ತೊಂದು ಸಲ ನಾನು ಸುಮ್ಮನಿರಲಾರೆ ಅನ್ನಿಸಿತು.

ದಿಂಬಿಗೆ ಒರಗಿದ್ದವನು ಎದ್ದು ಕೂತೆ. ಉದರ ವೇದನೆಯ ಹುಡುಗನ ಮುಖ ನೋಡಿಕೊಂಡು ಅಪ್ಪಟ ತೆಲುಗಿನಲ್ಲಿ ಹೇಳಿದೆ:

"ಆ ರೋಜು ಈ ಅಮ್ಮಾಯಿ ಚೆಪ್ಪಿಂದೇ ನಿಜಂ. ಅಬದ್ಧಂ ಆಡಿಂದಿ ನೇನು."

ಅವತ್ತು ಈ ಹುಡುಗಿ ಹೇಳಿದ್ದೇ ನಿಜ, ಸುಳ್ಳಾಡಿದವನು ನಾನು. ಇಷ್ಟೇ ಮಾತು. ಒಂದಕ್ಷರ ತೆಲುಗು ಬಾರದವನು ಎಂದು ಆರು ತಿಂಗಳು ನನ್ನನ್ನು ನಂಬಿದ್ದವರು ಬಾಯಿ ತೆರೆದುಕೊಂಡು ನಿಂತರು. ಆ ಹುಡುಗನ ಮುಖ ಕೆಂಪಾಯಿತು, ಹಿಂದೆ ನನಗೆ ಅಂದದ್ದೆಲ್ಲ ನೆನಪಾಗಿರಬೇಕು. ಡಾಕ್ಟರಮ್ಮ ಕಿಟಕಿಯ ಕಡೆ ನೋಡಿದರು.

ಹುಡುಗಿ ತಲೆ ತಗ್ಗಿಸಿದ್ದಳು. ನನ್ನ ಕೈಯ ಮೇಲೆ ಒಂದು ಹನಿ ಬಿತ್ತು. ಅವಳು ಅದನ್ನು ಕೋಟಿನ ತುದಿಯಿಂದ ಒರೆಸಿ, ಗಡಿಯಾರ ನೋಡುತ್ತ, ನನ್ನ ನಾಡಿಯನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದಳು. ನಾನು ಬೆಲ್ಲಿಗೆ ಕಾದೆ. ಅಲ್ಲಿ ಬೆಲ್ಲಿರಲಿಲ್ಲ.